ಗೋಸುಂಬೆ ಸಾಕಣೆ: ಪಂಜರದಿಂದ ಮರಿಯವರೆಗೆ, ದಾವಣಗೆರೆ–ಚಿತ್ರದುರ್ಗದ ಬಿಸಿಲಿಗೆ ಹೊಂದುವ ಕ್ರಮ

ತಂದ ಗೋಸುಂಬೆ ಮೂರ್ನಾಲ್ಕು ತಿಂಗಳಲ್ಲೇ ಸತ್ತಿತು ಎನ್ನುವವರನ್ನು ಸ್ವಲ್ಪ ಬಿಡಿಸಿ ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ. ಮೊದಲು ಪ್ರಾಣಿ ಬಂತು. ಒಂದು ವಾರಕ್ಕೆ ಪಂಜರ ಬಂತು. ಲೈಟು ಮುಂದಿನ ತಿಂಗಳಿಗೆ ಅಂತ ಉಳಿಯಿತು. ತಿನ್ನಲು ಹುಳು ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದ್ದದ್ದು ಪ್ರಾಣಿ ಬಡಕಲಾದ ಮೇಲೆ. ಈ ಸರದಿಯನ್ನು ತಲೆಕೆಳಗು ಮಾಡಿದರೆ ಅರ್ಧ ಸಾವು ತಪ್ಪುತ್ತದೆ. ಉಳಿದರ್ಧಕ್ಕೆ ಕಾರಣ ನಮ್ಮ ಏಪ್ರಿಲ್. ಚಳಿದೇಶದವರು ಬರೆದ ಸಲಹೆಗಳೆಲ್ಲ ಪಂಜರವನ್ನು ಬಿಸಿ ಮಾಡುವುದು ಹೇಗೆಂದು ಹೇಳುತ್ತವೆ. ದಾವಣಗೆರೆಯಲ್ಲಿ ಕಲಿಯಬೇಕಾದದ್ದು ತಂಪು ಮಾಡುವುದನ್ನು.

ಕೆಳಗಿನ ಅಳತೆಗಳೆಲ್ಲ ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಕೆಮೀಲಿಯನ್ ಎಂಬ ಗೋಸುಂಬೆಗೆ ಸಂಬಂಧಿಸಿದ್ದು. ತಲೆಯ ಮೇಲೆ ಎತ್ತರದ ಕಿರೀಟವಿರುವ ಜಾತಿ ಇದು. ಮೊದಲ ಸಲ ಸಾಕುವವರಿಗೆ ಇದನ್ನು ಬಿಟ್ಟು ಬೇರೆ ಬೇಡ.

## 1. ಮೊದಲು ಕಾಗದಪತ್ರ

ನಮ್ಮ ಹೊಲದ ಬೇಲಿ, ಕುರುಚಲು ಗಿಡಗಳಲ್ಲಿ ಕಾಣುವ ದೇಸಿ ಗೋಸುಂಬೆಗೆ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ರಕ್ಷಣೆಯಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. "ತೋಟದಾಗೆ ಸಿಕ್ತು, ಎರಡು ದಿನ ಇಟ್ಕೊಂಡು ಬಿಡ್ತೀವಿ" ಎಂಬುದಕ್ಕೂ ವಿನಾಯಿತಿಯಿಲ್ಲ. ಅಂದಹಾಗೆ, ನಮ್ಮ ಕಡೆ ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವನ್ನೂ ಗೋಸುಂಬೆ ಎಂದೇ ಕರೆಯುತ್ತಾರೆ. ಅದು ಬೇರೆ ಪ್ರಾಣಿ. ಅದನ್ನೂ ಹಿಡಿಯಬೇಡಿ.

ವೇಲ್ಡ್ ಕೆಮೀಲಿಯನ್ ವಿದೇಶಿ ಪ್ರಾಣಿಯಾದರೂ, ಕಾಡುಪ್ರಾಣಿ–ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಮೇಲೆ ಹೇಳಿದ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿ ಇಟ್ಟುಕೊಂಡವರು ವಿವರ ಸಲ್ಲಿಸಿ ನೋಂದಣಿ ಮಾಡಿಸಬೇಕು. ಅದರ ನಿಯಮಗಳು 2024ರ ಫೆಬ್ರುವರಿಯಲ್ಲಿ ಹೊರಬಿದ್ದವು, ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮಾರುವವರ ಬಳಿ ನೋಂದಣಿ ಪತ್ರ ಮತ್ತು ವರ್ಗಾವಣೆ ದಾಖಲೆ ಇಲ್ಲದಿದ್ದರೆ ಮುಂದಿನ ಮಾತೇ ಬೇಡ. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ ತಿಳಿಸಬೇಕು. ಮರಿ ಮಾಡಿಸುವ ಯೋಚನೆಯಿದ್ದರೆ ಜೋಡಿ ಕೂಡಿಸುವ ಮೊದಲೇ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮೊಟ್ಟೆ ಇಟ್ಟ ಮೇಲೆ ಓಡಾಡುವ ಪಾಡು ಬೇಡ.

## 2. ಪ್ರಾಣಿಗಿಂತ ಎರಡು ತಿಂಗಳು ಮುಂಚೆ ಹುಳು

ಗೋಸುಂಬೆಯ ಮುಖ್ಯ ಊಟ ಕ್ರಿಕೆಟ್ ಹುಳು, ರಾತ್ರಿ ಕಿರ್ರೆನ್ನುವುದು. ಅದು ಮೊಟ್ಟೆಯಿಂದ ದೊಡ್ಡದಾಗಲು ಆರರಿಂದ ಎಂಟು ವಾರ ಬೇಕು. ಹಾಗಾಗಿ ಕೆಲಸ ಶುರುವಾಗುವುದು ಇಲ್ಲಿಂದ.

ಐವತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಮುಚ್ಚಳದ ಮಧ್ಯೆ ಅಂಗೈಯಗಲ ಕತ್ತರಿಸಿ ಅಲ್ಯೂಮಿನಿಯಂ ಜಾಲರಿ ಅಂಟಿಸಿ. ನೈಲಾನ್ ಸೊಳ್ಳೆಪರದೆ ಹಾಕಿದರೆ ಹುಳು ಕಡಿದು ಹೊರಬರುತ್ತದೆ, ಆಮೇಲೆ ರಾತ್ರಿಯಿಡೀ ಅಡುಗೆಮನೆಯಲ್ಲಿ ಸಂಗೀತ. ಒಳಗೆ ಮೊಟ್ಟೆ ಅಂಗಡಿಯ ರಟ್ಟಿನ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ. ಚಿಕ್ಕ ಡಬ್ಬಿಯಲ್ಲಿ ಹಸಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಇಟ್ಟರೆ ಹೆಣ್ಣುಹುಳು ಅದರಲ್ಲಿ ಮೊಟ್ಟೆ ಚುಚ್ಚುತ್ತದೆ. ಮೂರು ದಿನ ಬಿಟ್ಟು ಆ ಡಬ್ಬಿ ತೆಗೆದು ಬೇರೆ ಇಡಿ, ಆರಲು ಬಿಡಬೇಡಿ. 30 ಡಿಗ್ರಿ ಶಾಖದಲ್ಲಿ ಹತ್ತು ಹನ್ನೆರಡು ದಿನಕ್ಕೆ ಇರುವೆ ಗಾತ್ರದ ಮರಿಗಳು ಏಳುತ್ತವೆ.

ಹುಳುವಿಗೆ ನೀರಿನ ಬಟ್ಟಲು ಇಡಬೇಡಿ, ಮುಳುಗಿ ಸಾಯುತ್ತವೆ. ಗಜ್ಜರಿ ಅಥವಾ ಕುಂಬಳಕಾಯಿ ಹೋಳು ಸಾಕು. ಒಣ ಆಹಾರಕ್ಕೆ ಗೋಧಿ ಬೂಸಾ ಮತ್ತು ರಾಗಿ ಹಿಟ್ಟು, ಹಸಿಗೆ ನುಗ್ಗೆಸೊಪ್ಪು. ಹುಳುವಿನ ಹೊಟ್ಟೆಯಲ್ಲಿ ಇದ್ದದ್ದೇ ಗೋಸುಂಬೆಯ ಊಟ. ಬರೀ ಮಂಡಕ್ಕಿ ತಿಂದ ಹುಳುವಿನಲ್ಲಿ ಏನೂ ಇರುವುದಿಲ್ಲ.

ಹೊಲದ ಮಿಡತೆ ಹಿಡಿದು ಹಾಕುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಮೆಕ್ಕೆಜೋಳಕ್ಕೂ ಭತ್ತಕ್ಕೂ ಔಷಧಿ ಹೊಡೆಯುವ ಸೀಮೆ ಇದು. ಸಾಯದೆ ಉಳಿದ ಮಿಡತೆಯ ಮೈಯಲ್ಲೂ ವಿಷ ಇರುತ್ತದೆ. ರೇಷ್ಮೆ ಹುಳು ಮಾತ್ರ ಒಳ್ಳೆಯ ಆಹಾರ, ಮೆತ್ತಗೆ, ನೀರಿನಂಶ ಹೆಚ್ಚು. ಆದರೆ ಸಾಕಣೆ ಮನೆಯಲ್ಲಿ ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ಪುಡಿ ಬೀಳುವ ಮೊದಲು ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದು, ತೊಳೆದು ಆರಿಸಿದ ಹಿಪ್ಪುನೇರಳೆ ಎಲೆ ಹಾಕಿ ಮನೆಯಲ್ಲೇ ಬೆಳೆಸಿಕೊಳ್ಳಿ.

## 3. ಪಂಜರ

ಗಾಜಿನ ಮೀನಿನ ತೊಟ್ಟಿ ಬೇಡವೇ ಬೇಡ. ಗಾಳಿಯಾಡದೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಜೊತೆಗೆ ತನ್ನದೇ ಪ್ರತಿಬಿಂಬವನ್ನು ಎದುರಾಳಿ ಎಂದುಕೊಂಡು ದಿನವಿಡೀ ಮೈ ಕಪ್ಪು ಮಾಡಿಕೊಂಡು ಕೂರುತ್ತದೆ.

ಅಲ್ಯೂಮಿನಿಯಂ ಕಿಟಕಿ ಮಾಡುವವರ ಬಳಿ 2 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಎತ್ತರದ ಚೌಕಟ್ಟು ಮಾಡಿಸಿ. ಮುಂಭಾಗ, ಮೇಲ್ಭಾಗ, ಒಂದು ಪಕ್ಕ ಅಲ್ಯೂಮಿನಿಯಂ ಜಾಲರಿ. ಹಿಂಭಾಗ ಮತ್ತು ಇನ್ನೊಂದು ಪಕ್ಕಕ್ಕೆ ಪಾಲಿಕಾರ್ಬೊನೇಟ್ ಹಾಳೆ. ನಾಲ್ಕೂ ಕಡೆ ಜಾಲರಿ ಹಾಕಿದರೆ ನಮ್ಮ ಒಣಗಾಳಿಗೆ ಸಿಂಪಡಿಸಿದ ನೀರು ಹತ್ತೇ ನಿಮಿಷದಲ್ಲಿ ಆರಿಹೋಗುತ್ತದೆ. ಕೋಳಿಗೂಡಿನ ತಂತಿಬಲೆ ಉಗುರು ಕಿತ್ತು ಹಾಕುತ್ತದೆ, ಅದನ್ನು ಒಪ್ಪಿಕೊಳ್ಳಬೇಡಿ. ತಳಕ್ಕೆ ತೂತು ಹೊಡೆದ ಹಾಳೆ, ಅದರ ಕೆಳಗೆ ನೀರು ಬೀಳುವ ಟ್ರೇ. ಇಡೀ ಪಂಜರ ಮೇಜಿನ ಎತ್ತರದಲ್ಲಿರಲಿ. ಮನುಷ್ಯರ ಮುಖ ಮೇಲಿನಿಂದ ಬಗ್ಗಿದರೆ ಅದಕ್ಕೆ ಹದ್ದು ಬಂದಷ್ಟೇ ಭಯ.

ಒಳಗೆ ಹೆಬ್ಬೆರಳು ದಪ್ಪದ ಕೊಂಬೆಗಳನ್ನು ಅಡ್ಡಕ್ಕೆ, ಓರೆಗೆ ಕಟ್ಟಿ. ಕುಂಡದಲ್ಲಿ ದಾಸವಾಳ ಮತ್ತು ಮನಿಪ್ಲಾಂಟ್. ಈ ಜಾತಿ ಎಲೆಯನ್ನೂ ಕಡಿದು ತಿನ್ನುತ್ತದೆ, ದಾಸವಾಳ ಅದಕ್ಕೆ ಇಷ್ಟ. ಹಾಗಾಗಿ ಕಣಗಿಲೆ, ಡಿಫೆನ್‌ಬಾಕಿಯಾದಂಥ ವಿಷದ ಗಿಡ ಒಳಗೆ ಬರಕೂಡದು. ನರ್ಸರಿಯಿಂದ ತಂದ ಗಿಡದ ಎಲೆ ತೊಳೆದು, ಮಣ್ಣು ಬದಲಿಸಿ, ಕನಿಷ್ಠ ಒಂದು ತಿಂಗಳು ಹೊರಗಿಟ್ಟು ಆಮೇಲೆ ಒಳಗಿಡಿ.

## 4. ಬೆಳಕು ಮತ್ತು ಶಾಖ

ಎರಡು ಲೈಟು ಬೇಕು, ಎರಡರ ಕೆಲಸವೂ ಬೇರೆ. ಒಂದು ಯುವಿಬಿ ಟ್ಯೂಬ್, ಮೂಳೆಗೆ ಬೇಕಾದ ಬಿಸಿಲಿನ ನೇರಳಾತೀತ ಕಿರಣ ಕೊಡುವಂಥದ್ದು: ಟಿ5 ಹೆಚ್‌ಒ, 6 ಪರ್ಸೆಂಟಿನದು. ಜಾಲರಿಯ ಮೇಲೆ ಇಟ್ಟು, ಅದರ ಕೆಳಗೆ 15–20 ಸೆಂಟಿಮೀಟರಿಗೆ ಕೂರುವ ಕೊಂಬೆ ಬರುವಂತೆ ಕಟ್ಟಿ. ವರ್ಷಕ್ಕೊಮ್ಮೆ ಬದಲಿಸಿ; ಬೆಳಗುತ್ತಿದ್ದರೂ ಯುವಿಬಿ ಇಳಿದಿರುತ್ತದೆ. ವಾಟರ್ ಫಿಲ್ಟರ್‌ನ ಯುವಿ ಟ್ಯೂಬ್ ಹಾಕಿದರೆ ಕಣ್ಣು ಸುಡುತ್ತದೆ. ಕಿಟಕಿ ಗಾಜಿನ ಹಿಂದಿನ ಬಿಸಿಲಿನಲ್ಲಿ ಯುವಿಬಿ ಹೆಚ್ಚುಕಡಿಮೆ ಇರುವುದೇ ಇಲ್ಲ.

ಇನ್ನೊಂದು ಶಾಖದ ಬಲ್ಬು, ತಂತಿ ಉರಿಯುವ ಹಳೆಯ ಬಗೆಯ 40 ವ್ಯಾಟಿನದೇ ಸಾಕು, ಎಲ್‌ಇಡಿ ಅಲ್ಲ. ಕೂರುವ ಕೊಂಬೆಯ ಮೇಲೆ ಗಂಡಿಗೆ 29–32 ಡಿಗ್ರಿ, ಹೆಣ್ಣಿಗೆ 26–28 ಡಿಗ್ರಿ. ಊಹೆ ಬೇಡ, ತಂತಿಯ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರನ್ನು ಕೊಂಬೆಗೇ ಕಟ್ಟಿ ನೋಡಿ. ಬಲ್ಬು ಪಂಜರದ ಹೊರಗೇ ಇರಬೇಕು. ಒಳಗಿದ್ದರೆ ಅಪ್ಪಿಕೊಂಡು ಬೆನ್ನು ಸುಟ್ಟುಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೆ ಹಚ್ಚಿ ಸಂಜೆ ಏಳಕ್ಕೆ ಆರಿಸಲು ಟೈಮರ್ ಹಾಕಿ. ರಾತ್ರಿ ಕೆಂಪು, ನೀಲಿ ಯಾವ ದೀಪವೂ ಬೇಡ. ನಮ್ಮ ಡಿಸೆಂಬರ್ ರಾತ್ರಿಯ ಚಳಿ ಇದಕ್ಕೆ ಹಿತವೇ, ಹೀಟರ್ ತರಬೇಡಿ.

ಸೀಮೆಯ ಬಿಸಿಲನ್ನೂ ಬಳಸಿಕೊಳ್ಳಬಹುದು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ, ಜಾಲರಿ ಪಂಜರದ ಅರ್ಧಕ್ಕೆ ನೆರಳು ಮಾಡಿ, ಇಪ್ಪತ್ತು ಮೂವತ್ತು ನಿಮಿಷ. ಬೆಕ್ಕು, ಕಾಗೆ ಇರುತ್ತವೆ, ನೀವು ಪಕ್ಕದಲ್ಲೇ ಇರಿ.

## 5. ನೀರು

ಗೋಸುಂಬೆ ಬಟ್ಟಲಿನ ನೀರನ್ನು ನೀರೆಂದು ಗುರುತಿಸುವುದು ಅಪರೂಪ. ಎಲೆಯ ಮೇಲೆ ಹೊಳೆಯುವ, ಜಾರುವ ಹನಿಯನ್ನು ನೆಕ್ಕುತ್ತದೆ. ಬಟ್ಟಲು ತುಂಬಿಟ್ಟು "ಕುಡಿಯದಿದ್ದರೆ ನಾವೇನು ಮಾಡೋಣ" ಎಂದವರ ಪ್ರಾಣಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡ್ರಿಪ್ ಸೆಟ್ ತನ್ನಿ, ಸೂಜಿ ಬೇಡ. ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸಿಕ್ಕಿಸಿ, ಬಾಟಲಿಯನ್ನು ಪಂಜರದ ಮೇಲೆ ತಲೆಕೆಳಗಾಗಿ ನೇತುಹಾಕಿ, ಗಾಳಿಗಾಗಿ ಬುಡದಲ್ಲಿ ಸಣ್ಣ ತೂತು ಮಾಡಿ. ಚಕ್ರ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿ ದಾಸವಾಳದ ಅಗಲ ಎಲೆಯ ಮೇಲೆ ಬೀಳುವಂತೆ ಹದ ಮಾಡಿ. ದಿನಕ್ಕೆ ಒಂದೆರಡು ಗಂಟೆ ಸಾಕು.

ಇದರ ಜೊತೆಗೆ ಸಿಂಪಡಣೆ. ಬೆಳಿಗ್ಗೆ ಲೈಟು ಹತ್ತುವ ಮೊದಲು ಎರಡು ನಿಮಿಷ, ರಾತ್ರಿ ಲೈಟು ಆರಿದ ಮೇಲೆ ಎರಡು ನಿಮಿಷ. ಹಗಲು ತೇವ 30–50 ಪರ್ಸೆಂಟ್ ಇರಲಿ, ರಾತ್ರಿ 75ಕ್ಕಿಂತ ಮೇಲೇರಲಿ. ಹಗಲು ಪೂರ್ತಿ ಒದ್ದೆಯಾಗಿದ್ದರೆ ಕೆಮ್ಮು ಕಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲೆ ಆರಿರಬೇಕು. ಕೈಪಂಪಿನ ಎರಡು ಲೀಟರ್ ಸ್ಪ್ರೇಯರ್ ಹೊಸದನ್ನೇ ತಗೊಳ್ಳಿ, ಗಿಡಕ್ಕೆ ಔಷಧಿ ಹೊಡೆದದ್ದನ್ನು ಎಷ್ಟು ತೊಳೆದರೂ ಬೇಡ.

ಬೋರ್‌ವೆಲ್ ನೀರನ್ನು ನೇರವಾಗಿ ಬಳಸಬೇಡಿ. ಗಡಸು ನೀರಿಗೆ ನಾಜಲ್ ವಾರದಲ್ಲಿ ಕಟ್ಟಿಕೊಳ್ಳುತ್ತದೆ, ಎಲೆ ಮೇಲೆ ಬಿಳಿ ಪದರ ಕೂರುತ್ತದೆ. ಚಿತ್ರದುರ್ಗದ ಹಲವು ಹಳ್ಳಿಗಳ ಬೋರ್‌ನಲ್ಲಿ ಫ್ಲೋರೈಡ್ ಕೂಡ ಇದೆ. ಮನೆಗೆ ತರುವ ಶುದ್ಧ ಕುಡಿಯುವ ನೀರಿನ ಕ್ಯಾನ್‌ನಿಂದಲೇ ಇದಕ್ಕೂ ಕೊಡಿ.

ನೀರು ಸಾಲುತ್ತಿದೆಯೋ ಇಲ್ಲವೋ ಅದರ ಹಿಕ್ಕೆಯೇ ಹೇಳುತ್ತದೆ. ಹಿಕ್ಕೆಗೆ ಅಂಟಿದ ಗಟ್ಟಿ ಮೂತ್ರದ ಭಾಗ ಬೆಳ್ಳಗೆ, ತುದಿಯಲ್ಲಿ ಸ್ವಲ್ಪ ಹಳದಿ ಇದ್ದರೆ ಸರಿ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಸುಕಿದರೆ ಮರಳಿನಂತೆ ಪುಡಿಯಾದರೆ ಅಂದೇ ಡ್ರಿಪ್ಪಿನ ಹೊತ್ತು ದುಪ್ಪಟ್ಟು ಮಾಡಿ.

## 6. ಮಾರ್ಚ್‌ನಿಂದ ಮೇ

ಯುಗಾದಿ ಹೊತ್ತಿಗೆ ಶಾಖದ ಬಲ್ಬನ್ನು ತೆಗೆದಿಡಿ. ಕೋಣೆಯೇ 32 ಮುಟ್ಟಿದಾಗ ಬಲ್ಬು ಹತ್ತಿದ್ದರೆ ಪ್ರಾಣಿಗೆ ತಪ್ಪಿಸಿಕೊಳ್ಳಲು ತಂಪು ಮೂಲೆಯೇ ಉಳಿಯುವುದಿಲ್ಲ. ಯುವಿಬಿ ಮಾತ್ರ ಇರಲಿ.

ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಿಂದ ಪಂಜರವನ್ನು ನೆಲಮಹಡಿಗೆ, ಪಶ್ಚಿಮದ ಗೋಡೆಯಿಂದ ದೂರಕ್ಕೆ ಸರಿಸಿ. ಮಧ್ಯಾಹ್ನ 33 ದಾಟಿದರೆ ಏರ್ ಕೂಲರ್ ಹಚ್ಚಿ, ಗಾಳಿ ಪಂಜರಕ್ಕೆ ನೇರ ಬಡಿಯದಂತೆ ಗೋಡೆಯ ಕಡೆ ತಿರುಗಿಸಿ. ಒಣಬೇಸಿಗೆಯಲ್ಲಿ ಕೂಲರ್ ತಂಪನ್ನೂ ತೇವವನ್ನೂ ಒಟ್ಟಿಗೆ ಕೊಡುತ್ತದೆ. ಕರೆಂಟ್ ಹೋದರೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಪಂಜರದ ಮೇಲಿಡಿ, ಪಕ್ಕದ ಜಾಲರಿಗೆ ಒದ್ದೆ ಬಟ್ಟೆ ಹೊದಿಸಿ. ಮೂರು ಕಡೆ ಹೊದಿಸಿ ಗಾಳಿ ಕಟ್ಟಿಬಿಡಬೇಡಿ.

ಮೈ ಬಿಳಿಚಿಕೊಂಡು, ಬಾಯಿ ತೆರೆದು, ಪಂಜರದ ತಳಕ್ಕೆ ಇಳಿದಿದ್ದರೆ ಅದು ಶಾಖದ ಹೊಡೆತ. ಐಸ್ ನೀರಿನಲ್ಲಿ ಅದ್ದಬೇಡಿ. ನೆರಳಿಗೆ ತಂದು ಕೋಣೆಯ ನೀರನ್ನೇ ಮಂಜಿನಂತೆ ಸಿಂಪಡಿಸುತ್ತಿರಿ.

## 7. ಈಗ ಪ್ರಾಣಿ, ಅದರ ಊಟ

ಪಂಜರ ಖಾಲಿ ಇರುವಾಗಲೇ ಒಂದು ವಾರ ಶಾಖ, ತೇವದ ಲೆಕ್ಕ ಬರೆದು, ಸರಿಬಂದ ಮೇಲೆ ಪ್ರಾಣಿ ತನ್ನಿ. ಮೂರು ತಿಂಗಳು ದಾಟಿದ್ದೇ ಇರಲಿ. ಕಣ್ಣು ಉಬ್ಬಿ ಸುತ್ತಲೂ ತಿರುಗುತ್ತಿರಬೇಕು, ಕಾಲು ನೆಟ್ಟಗಿರಬೇಕು, ನಿಮ್ಮೆದುರೇ ಹುಳು ಹೊಡೆದು ತಿನ್ನಬೇಕು. ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗುಬುಟು ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಮರಿಯಲ್ಲೇ ಗೊತ್ತಾಗುತ್ತದೆ.

ಬೆಳೆಯುವ ಮರಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಹುಳು, ದೊಡ್ಡದಕ್ಕೆ ದಿನ ಬಿಟ್ಟು ದಿನ ನಾಲ್ಕೈದು, ಹೆಣ್ಣಾದರೆ ಮೂರ್ನಾಲ್ಕು. ಹುಳುವಿನ ಉದ್ದ ಪ್ರಾಣಿಯ ತಲೆಯ ಅಗಲ ಮೀರಬಾರದು. ನುಣುಪಾದ ಆಳದ ಐಸ್‌ಕ್ರೀಂ ಡಬ್ಬಿಯಲ್ಲಿ ಹಾಕಿ ಕೊಂಬೆಯ ಪಕ್ಕ ಕಟ್ಟಿ. ಉಳಿದ ಹುಳುವನ್ನು ಸಂಜೆ ತೆಗೆಯಿರಿ, ರಾತ್ರಿ ಅವು ಮಲಗಿದ ಪ್ರಾಣಿಯನ್ನೇ ಕಡಿಯುತ್ತವೆ.

ಪ್ರತಿ ಊಟಕ್ಕೂ ಹುಳುವಿನ ಮೇಲೆ ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ತೆಳ್ಳಗೆ. ಡಿ3 ಇರುವ ಮಲ್ಟಿವಿಟಮಿನ್ ಹದಿನೈದು ದಿನಕ್ಕೊಮ್ಮೆ ಮಾತ್ರ. ನಾವು ನುಂಗುವ ಕ್ಯಾಲ್ಸಿಯಂ ಮಾತ್ರೆ ಅರೆದು ದಿನಾ ಹಾಕುವವರಿದ್ದಾರೆ. ಅವುಗಳಲ್ಲಿ ಬಹುತೇಕ ಡಿ3 ಸೇರಿರುತ್ತದೆ. ಅದು ಮೈಯಲ್ಲಿ ಕೂಡಿಕೊಂಡು ಕುತ್ತಿಗೆ ಊದುತ್ತದೆ, ಮೂತ್ರಪಿಂಡ ಕೆಡುತ್ತದೆ. ಪಕ್ಷಿ ಅಂಗಡಿಯ ಕಟ್ಲ್‌ಬೋನ್ (ಕಡಲಜೀವಿಯ ಬಿಳಿ ಚಿಪ್ಪು) ಕೆರೆದು ನುಣ್ಣಗೆ ಪುಡಿ ಮಾಡಿದರೆ ಆದೀತು. ಎಲೆಅಡಿಕೆಯ ಸುಣ್ಣ ಕ್ಯಾಲ್ಸಿಯಂ ಹೌದು, ಆದರೆ ನಾಲಗೆ ಸುಡುತ್ತದೆ.

ಕೈಯಲ್ಲಿ ಹಿಡಿದು ಆಡಿಸುವ ಪ್ರಾಣಿ ಇದಲ್ಲ. ನೆಂಟರು ಬಂದಾಗಲೆಲ್ಲ ಬಣ್ಣ ಬದಲಿಸಿ ತೋರಿಸಲು ಹೊರತೆಗೆದರೆ ಅವರಿಗೆ ಕಾಣುವುದು ಅದರ ಗಾಬರಿಯ ಬಣ್ಣ. ಒಂದು ಪಂಜರಕ್ಕೆ ಒಂದೇ. ಗಂಡು ಹೆಣ್ಣು ಒಂದಕ್ಕೊಂದು ಕಾಣಲೂಬಾರದು.

## 8. ಜೋಡಿ ಕೂಡಿಸುವುದು

ಹೆಣ್ಣಿಗೆ ಒಂದು ವರ್ಷ ತುಂಬಿರಲೇಬೇಕು. ಅದಕ್ಕೂ ಮುಂಚೆ ಮೊಟ್ಟೆ ಹೊತ್ತರೆ ತನ್ನ ಮೂಳೆಯ ಕ್ಯಾಲ್ಸಿಯಂ ಕರಗಿಸಿ ಕೊಟ್ಟು ಕುಸಿಯುತ್ತದೆ.

ಮೊಟ್ಟೆಗೆ ಕಾವು ಆರರಿಂದ ಒಂಬತ್ತು ತಿಂಗಳು. ಈ ಲೆಕ್ಕ ಹಿಡಿದು ಕಾಲ ಆರಿಸಿ: ಜೂನ್ ನಡುವೆ, ಮಳೆ ಬಿದ್ದು ತಂಪಾದ ಮೇಲೆ ಕೂಡಿಸಿದರೆ ಜುಲೈ ನಡುವೆ ಮೊಟ್ಟೆ, ಜನವರಿಯಿಂದ ಏಪ್ರಿಲ್ ನಡುವಿನೊಳಗೆ ಮರಿ. ಮೊಟ್ಟೆಗಳು ಕಡುಬೇಸಿಗೆಯ ಬಹುಪಾಲನ್ನು ತಪ್ಪಿಸಿಕೊಳ್ಳುತ್ತವೆ. ದೀಪಾವಳಿ ಹೊತ್ತಿಗೆ ಕೂಡಿಸಿದರೆ ಅವು ನಡುಬೇಸಿಗೆಯನ್ನು ಡಬ್ಬಿಯೊಳಗೇ ಕಳೆಯಬೇಕು.

ಹೆಣ್ಣನ್ನೇ ಗಂಡಿನ ಪಂಜರಕ್ಕೆ ಬಿಡಿ, ಕಣ್ಣು ಕೀಳದೆ ನೋಡುತ್ತಿರಿ. ಅದು ತಿಳಿಹಸಿರಾಗಿಯೇ ನಿಧಾನ ನಡೆದರೆ ಒಪ್ಪಿಗೆ. ಮೈ ಕಪ್ಪಾಗಿ, ಬಾಯಿ ತೆರೆದು, ಹಿಂದೆಮುಂದೆ ತೂಗಾಡಿ ಬುಸುಗುಟ್ಟಿದರೆ ಆ ಕ್ಷಣ ಹೊರತೆಗೆಯಿರಿ, ಹತ್ತು ದಿನ ಬಿಟ್ಟು ನೋಡಿ. ಕೂಡಿದ ಮೇಲೆ ಒಂದೆರಡು ದಿನದಲ್ಲಿ ಹೆಣ್ಣು ಕಡುಬಣ್ಣಕ್ಕೆ ತಿರುಗಿ ನೀಲಿ, ಹಳದಿ ಚುಕ್ಕೆ ಎದ್ದುಕಾಣುತ್ತವೆ. ಅದು ಬಸಿರಿನ ಬಣ್ಣ. ಇನ್ನು ಗಂಡಿನ ಹತ್ತಿರ ಬಿಡಬೇಡಿ.

## 9. ಮೊಟ್ಟೆ ಇಡಲು ಮಣ್ಣು: ಹೆಣ್ಣು ಸಾಯುವುದು ಇಲ್ಲೇ

ಗಂಡೇ ಇಲ್ಲದಿದ್ದರೂ ಬೆಳೆದ ಹೆಣ್ಣು ಬಂಜೆ ಮೊಟ್ಟೆ ಇಡುತ್ತದೆ. "ನಾವು ಮರಿ ಮಾಡಿಸೋದಿಲ್ಲ" ಎಂದು ಅಗೆದು ಮೊಟ್ಟೆ ಇಡಲು ಮಣ್ಣಿನ ತೊಟ್ಟಿ ಇಡದವರ ಹೆಣ್ಣು ಮೊಟ್ಟೆ ಹೊರಬರದೆ ಸಾಯುತ್ತದೆ. ಆರು ತಿಂಗಳಾದ ಪ್ರತಿ ಹೆಣ್ಣಿನ ಪಂಜರದಲ್ಲೂ ತೊಟ್ಟಿ ಕಾಯಂ ಇರಲಿ.

ಒಂದಡಿ ಉದ್ದ, ಅಗಲ, ಆಳದ ಬಕೆಟ್ ಅಥವಾ ಟಬ್ ಸಾಕು. ಜರಡಿ ಹಿಡಿದು ತೊಳೆದ ಹೊಳೆಮರಳು ಅರ್ಧ, ಗೊಬ್ಬರ–ಔಷಧಿ ಸೇರದ ಮಣ್ಣು ಅರ್ಧ. ಎಂ-ಸ್ಯಾಂಡ್ ಬೇಡ, ಅದರ ಚೂಪು ಕಣ ಕಾಲು ಕೆರೆಯುತ್ತದೆ, ನುಣ್ಣನೆ ಪುಡಿ ಸಿಮೆಂಟಿನಂತೆ ಹಿಡಿದುಕೊಳ್ಳುತ್ತದೆ. ನೀರು ಕಲಸಿ ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ತೋರುಬೆರಳು ಪೂರ್ತಿ ಇಳಿಸಿ ತೆಗೆಯಿರಿ. ತೂತು ಕುಸಿಯದೆ ನಿಂತರೆ ಅದೇ ಹದ.

ಕೂಡಿದ 20–30 ದಿನಕ್ಕೆ ಹೆಣ್ಣು ಊಟ ಬಿಟ್ಟು ತಳದಲ್ಲಿ ಓಡಾಡುತ್ತದೆ, ಅಗೆಯಲು ಶುರುಮಾಡುತ್ತದೆ. ಆಗ ಪಂಜರಕ್ಕೆ ಬಟ್ಟೆ ಮುಚ್ಚಿ, ಮಕ್ಕಳನ್ನು ದೂರ ಇಡಿ, ಮೊಬೈಲ್ ಹಿಡಿದು ಇಣುಕಬೇಡಿ. ಯಾರೋ ನೋಡಿದರೆಂದು ಗೊತ್ತಾದರೆ ಅರ್ಧಕ್ಕೆ ಬಿಟ್ಟು ಮೇಲೆ ಬರುತ್ತದೆ, ಮತ್ತೆ ಇಳಿಯದೆಯೂ ಇರಬಹುದು. ಸುರಂಗದಲ್ಲೇ ರಾತ್ರಿ ಮಲಗಿದರೆ ಗಾಬರಿ ಬೇಡ. ಇಟ್ಟು ಮುಗಿಸಿದಾಗ ತಾನೇ ಮಣ್ಣು ಮುಚ್ಚಿ, ಬಾಡಿದ ಬಲೂನಿನಂಥ ಹೊಟ್ಟೆ ಹೊತ್ತು ಮೇಲೇರುತ್ತದೆ. ಅಂದು ದೀರ್ಘ ಸಿಂಪಡಣೆ, ಮೂರ್ನಾಲ್ಕು ದಿನ ಹೊಟ್ಟೆತುಂಬ ಕ್ಯಾಲ್ಸಿಯಂ ಹಚ್ಚಿದ ಹುಳು.

ಮೂರು ದಿನ ಅಲೆದರೂ ಇಡದೆ, ಹಗಲಲ್ಲೇ ಕಣ್ಣು ಮುಚ್ಚಿ, ಹಿಡಿತ ಸಡಿಲವಾದರೆ ಮೊಟ್ಟೆ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಹೊಟ್ಟೆ ಒತ್ತಬೇಡಿ. ವೈದ್ಯರ ಹತ್ತಿರ ಹೊರಡಿ.

ಕಡಿಮೆ ಮೊಟ್ಟೆ ಇಟ್ಟಷ್ಟೂ ಹೆಣ್ಣಿನ ಆಯುಸ್ಸಿಗೆ ಒಳ್ಳೆಯದು. ಹೆಣ್ಣಿಗೆ ಮೇಲೆ ಹೇಳಿದ ಕಡಿಮೆ ಶಾಖ, ಬೆಳೆದ ಮೇಲೆ ದಿನ ಬಿಟ್ಟು ದಿನ ಮೂರ್ನಾಲ್ಕೇ ಹುಳು. ಮುದ್ದಿಗೆಂದು ಉಣ್ಣಿಸಿದಷ್ಟೂ ಮೊಟ್ಟೆ ಹೆಚ್ಚುತ್ತದೆ.

## 10. ಕಾವು

ಚಮಚದಿಂದ ಮಣ್ಣು ಸರಿಸಿ, ಒಂದೊಂದೇ ಮೊಟ್ಟೆ ಎತ್ತಿ. ಸಾಮಾನ್ಯವಾಗಿ 20–40 ಸಿಗುತ್ತವೆ. ಎತ್ತುವ ಮೊದಲೇ ಮೇಲ್ಭಾಗಕ್ಕೆ ಪೆನ್ಸಿಲ್ ಚುಕ್ಕೆ ಇಡಿ. ಆ ಚುಕ್ಕೆ ಕೊನೆಯವರೆಗೂ ಮೇಲೆಯೇ ಇರಬೇಕು, ಕೋಳಿಮೊಟ್ಟೆಯಂತೆ ಹೊರಳಿಸಿದರೆ ಭ್ರೂಣ ಸಾಯುತ್ತದೆ.

100 ಗ್ರಾಂ ವರ್ಮಿಕ್ಯುಲೈಟ್‌ಗೆ 80 ಗ್ರಾಂ ನೀರು, ತಕ್ಕಡಿಯಲ್ಲೇ ತೂಗಿ. ವರ್ಮಿಕ್ಯುಲೈಟ್ ಅಂದರೆ ನೀರು ಹಿಡಿದಿಡುವ ಹಗುರ ಖನಿಜದ ಚೂರು. ಮುಚ್ಚಳದ ಡಬ್ಬಿಯಲ್ಲಿ ಹರಡಿ, ಬೆರಳಗಲ ಬಿಟ್ಟು ಮೊಟ್ಟೆಗಳನ್ನು ಅರ್ಧ ಹೂಳಿ. ಮುಚ್ಚಳಕ್ಕೆ ನಾಲ್ಕು ಸೂಜಿ ತೂತು. ಡಬ್ಬಿಯ ಒಟ್ಟು ತೂಕ ಬರೆದಿಟ್ಟು, ತಿಂಗಳಿಗೊಮ್ಮೆ ತೂಗಿ, ಕಡಿಮೆಯಾದಷ್ಟು ನೀರನ್ನು ಅಂಚಿಗೆ ಸೇರಿಸಿ, ಮೊಟ್ಟೆ ಮೇಲೆ ಬೀಳದಂತೆ.

ಶಾಖ 25–28 ಡಿಗ್ರಿ. ಮಳೆಗಾಲ, ಚಳಿಗಾಲದಲ್ಲಿ ಥರ್ಮೊಕೋಲ್ ಪೆಟ್ಟಿಗೆಯೊಳಗೆ ನೀರಿನ ಬಾಟಲಿಗಳ ನಡುವೆ ಇಟ್ಟರೆ ಏರಿಳಿತ ಕಡಿಮೆ. ಮಾರ್ಚ್ ಬಂದರೂ ಒಡೆಯದಿದ್ದರೆ ಪೆಟ್ಟಿಗೆಯನ್ನು ಮನೆಯ ಅತಿ ತಂಪು ಕೋಣೆಯ ನೆಲಕ್ಕಿಳಿಸಿ, ಬೆಳಿಗ್ಗೆ ಸಂಜೆ ತಣ್ಣೀರ ಬಾಟಲಿ ಬದಲಿಸಿ.

ಹಳದಿಯಾಗಿ ಕುಸಿದು ಬೂಷ್ಟು ಹಿಡಿದ ಮೊಟ್ಟೆ ಸತ್ತದ್ದು, ತೆಗೆದುಬಿಡಿ. ಸ್ವಲ್ಪ ಗುಳಿಬಿದ್ದರೆ ತೇವ ಸಾಲದು ಎಂದಷ್ಟೇ. ಒಡೆಯುವ ಮುಂಚೆ ಮೊಟ್ಟೆ ಬೆವರುತ್ತದೆ, ಸಣ್ಣ ಹನಿಗಳು ಕೂರುತ್ತವೆ. ಸೀಳಿ ಮೂಗು ತೋರಿಸಿದ ಮರಿ ಒಂದು ದಿನ ಹಾಗೆಯೇ ಇದ್ದೀತು. ಎಳೆಯಬೇಡಿ, ಹೊಟ್ಟೆಗೆ ಹೀರಬೇಕಾದ ಹಳದಿ ಇನ್ನೂ ಇರುತ್ತದೆ.

## 11. ಮರಿಗಳು

ಹುಟ್ಟಿದಾಗ ಬಾಲ ಸೇರಿ ಕಿರುಬೆರಳುದ್ದ. ಚಿಕ್ಕ ಜಾಲರಿ ಪಂಜರದಲ್ಲಿ ನಾಲ್ಕೈದರಂತೆ, ಸೊಪ್ಪು ದಟ್ಟವಾಗಿಟ್ಟು ಬಿಡಿ. ಎರಡು ತಿಂಗಳಿಗೆ ಒಂದೊಂದನ್ನೂ ಬೇರೆ ಮಾಡಬೇಕು. ಮೂವತ್ತು ಮರಿಗೆ ಮೂವತ್ತು ಪಂಜರವೋ, ಸಾಕಲು ಒಪ್ಪಿದ ಮೂವತ್ತು ಮನೆಯೋ ಎಂಬ ಲೆಕ್ಕ ಎಂಟನೇ ಹಂತಕ್ಕೆ ಮುಂಚೆಯೇ ಆಗಿರಬೇಕಿತ್ತು.

ಮೊದಲ ವಾರಗಳ ಊಟ ಹಣ್ಣುನೊಣ ಮತ್ತು ಆಗತಾನೇ ಎದ್ದ ಕ್ರಿಕೆಟ್ ಮರಿ. ಕಳಿತ ಬಾಳೆಹಣ್ಣನ್ನು ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟದೆ ಎರಡು ದಿನ ಬಿಟ್ಟರೆ ನೊಣ ಬಂದು ಮೊಟ್ಟೆ ಇಡುತ್ತವೆ. ಆಮೇಲೆ ಬಟ್ಟೆ ಕಟ್ಟಿ, ಹತ್ತು ಹನ್ನೆರಡು ದಿನಕ್ಕೆ ಹೊಸ ನೊಣ ಏಳುವಾಗ ಬಾಟಲಿಯನ್ನು ಮರಿಗಳ ಪಂಜರದೊಳಗಿಟ್ಟು ಬಾಯಿ ತೆರೆಯಿರಿ. ಮರಿ ಬಹುಬೇಗ ಒಣಗುತ್ತದೆ. ದಿನಕ್ಕೆ ಮೂರು ಸಲ ನುಣ್ಣನೆ ಮಂಜಿನಂತೆ ಸಿಂಪಡಿಸಿ, ದಪ್ಪ ಹನಿಯಲ್ಲಿ ಬೇಡ.

## ಕೂಡಲೇ ಹೊರಡಬೇಕಾದ ಲಕ್ಷಣಗಳು

- ಕಣ್ಣು ಗುಳಿಬಿದ್ದು ಹಗಲಲ್ಲೇ ಮುಚ್ಚಿರುವುದು
- ಕಾಲು ಬಿಲ್ಲಿನಂತೆ ಬಾಗುವುದು, ದವಡೆ ಮೆತ್ತಗಾಗುವುದು, ನಾಲಗೆ ಹಿಂದಕ್ಕೆ ಹೋಗದಿರುವುದು: ಇದು ಯುವಿಬಿ ಇಲ್ಲವೇ ಕ್ಯಾಲ್ಸಿಯಂ ಕೊರತೆ
- ತಂಪು ಹೊತ್ತಲ್ಲೂ ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಲೋಳೆ
- ರಾತ್ರಿ ಪಂಜರದ ತಳದಲ್ಲಿ ಮಲಗುವುದು

ಹಸು, ಎಮ್ಮೆ, ನಾಯಿ ನೋಡುವ ವೈದ್ಯರೆಲ್ಲರೂ ಸರೀಸೃಪ ನೋಡಿರುವುದಿಲ್ಲ. ಪ್ರಾಣಿ ತರುವ ಮೊದಲೇ ಫೋನ್ ಮಾಡಿ ವಿಚಾರಿಸಿಡಿ. ಬೆಂಗಳೂರಿಗೇ ಹೋಗಬೇಕಾದರೆ ದಾವಣಗೆರೆಯಿಂದ ಸುಮಾರು 265 ಕಿಲೋಮೀಟರ್, ಚಿತ್ರದುರ್ಗದಿಂದ 200. ಬೇಸಿಗೆಯಲ್ಲಿ ರಾತ್ರಿಯೇ ಹೊರಡಿ. ರಟ್ಟಿನ ಪೆಟ್ಟಿಗೆಗೆ ಗಾಳಿತೂತು ಮಾಡಿ, ಅಡ್ಡಕ್ಕೊಂದು ಕೋಲು ಬಿಗಿದು, ತಳಕ್ಕೆ ಒದ್ದೆ ಬಟ್ಟೆ ಹಾಸಿ. ದಾರಿಯಲ್ಲಿ ಊಟ ಹಾಕಬೇಡಿ. ಕಡೆಯ ಹಿಕ್ಕೆಯನ್ನು ಡಬ್ಬಿಯಲ್ಲಿ, ಪಂಜರ ಮತ್ತು ಲೈಟಿನ ಫೋಟೋವನ್ನು ಮೊಬೈಲಿನಲ್ಲಿ ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.